ಒಳಚರಂಡಿ ಕೊಳವೆ ಮತ್ತು ನೆಲಕುಸಿತ: ಜಪಾನಿನ ಅನುಭವ

ಕಾಲರಾ ಹಾವಳಿಯಿಂದ ತತ್ತರಿಸಿದ್ದ ಟೋಕಿಯೊದಲ್ಲಿ 1884ರಲ್ಲಿ ಕಟ್ಟಲು ತೊಡಗಿದ ಕಾಂಡಾ ಒಳಚರಂಡಿ ಇಟ್ಟಿಗೆಯದಾಗಿತ್ತು; ಹರಿವು ಕಡಿಮೆಯಿದ್ದಾಗಲೂ ಕೆಸರು ನಿಲ್ಲದಂತೆ ತಳವನ್ನು ಕಿರಿದಾಗಿಸಿ ಮೊಟ್ಟೆಯಾಕಾರದಲ್ಲಿ ಕಟ್ಟಿದ ಅದರ ಕೆಲಭಾಗ ಇಂದಿಗೂ ಬಳಕೆಯಲ್ಲಿದೆ. ನದಿಗಳ ಮಾಲಿನ್ಯ ತಡೆಯುವುದನ್ನೂ ಗುರಿಯಾಗಿಸಿ 1970ರಲ್ಲಿ ಒಳಚರಂಡಿ ಕಾಯ್ದೆಗೆ ತಿದ್ದುಪಡಿ ತಂದ ಮೇಲಷ್ಟೇ ದೇಶದುದ್ದಕ್ಕೂ ಕೊಳವೆ ಹೂಳುವ ಕೆಲಸ ಬಿರುಸಾಯಿತು. ದೊಡ್ಡ ಕೊಳವೆಗಳಿಗೆ ಕಾಂಕ್ರೀಟೇ ಮುಖ್ಯ ಸಾಮಗ್ರಿಯಾಯಿತು.

ಕಾಂಕ್ರೀಟಿನ ಶತ್ರು ಕೊಳಚೆಯೊಳಗೇ ಇದೆ. ಗಾಳಿಯಾಡದ ಲೋಳೆಪದರದಲ್ಲಿನ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಎಂಬ, ಕೊಳೆತ ಮೊಟ್ಟೆಯ ನಾತದ ಅನಿಲವನ್ನು ಹೊರಬಿಡುತ್ತವೆ. ಅದು ಮೇಲೇರಿ ಕೊಳವೆಯ ತೇವಭರಿತ ನೆತ್ತಿಗೆ ತಾಗಿದಾಗ ಅಲ್ಲಿನ ಬೇರೊಂದು ಜಾತಿಯ ಬ್ಯಾಕ್ಟೀರಿಯಾಗಳು ಅದನ್ನು ಗಂಧಕಾಮ್ಲವಾಗಿಸುತ್ತವೆ, ಆ ಆಮ್ಲಕ್ಕೆ ಸಿಕ್ಕ ಸಿಮೆಂಟು ಮೆತ್ತನೆಯ ಜಿಪ್ಸಂ ಆಗಿ ಉದುರುತ್ತದೆ. ಈ ಕೊರೆತದಲ್ಲಿ ಬ್ಯಾಕ್ಟೀರಿಯಾಗಳ ಪಾತ್ರವನ್ನು ಮೆಲ್ಬರ್ನಿನ ವಿಜ್ಞಾನಿ ಪಾರ್ಕರ್ 1945ರಲ್ಲೇ ತೋರಿಸಿಕೊಟ್ಟಿದ್ದರು. ನೆತ್ತಿ ತೂತಾದ ಮೇಲೆ ಅಂತರ್ಜಲದೊಡನೆ ಸುತ್ತಲಿನ ಮರಳು ಕೊಳವೆಯೊಳಕ್ಕೆ ಜಾರಿ ಕೊಳಚೆಯ ಜೊತೆ ಕೊಚ್ಚಿಹೋಗುತ್ತದೆ, ಮಣ್ಣು ತೆರವಾದ ಜಾಗದಲ್ಲಿ ಪೊಳ್ಳು ಬೆಳೆಯುತ್ತ ಮೇಲೇರುತ್ತದೆ. ಟಾರು ಹಾಸು ಮಾತ್ರ ಕೆಲಕಾಲ ಹಾಗೆಯೇ ನಿಂತಿರುವುದರಿಂದ ದಾರಿಹೋಕರಿಗೆ ಏನೂ ಗೊತ್ತಾಗುವುದಿಲ್ಲ.

ಸೈತಾಮಾ ಪ್ರಾಂತ್ಯದ ಯಾಶಿಯೊದಲ್ಲಿ 2025ರ ಜನವರಿ 28ರಂದು ರಸ್ತೆ ಕುಸಿದು ಟ್ರಕ್ಕೊಂದು ಒಳಗೆ ಬಿದ್ದಿತು, ಚಾಲಕ ಬದುಕುಳಿಯಲಿಲ್ಲ. ಮೆದು ಮಣ್ಣಿನ ಆ ತಗ್ಗು ನೆಲದಡಿ ಸುಮಾರು 10 ಮೀಟರ್ ಆಳದಲ್ಲಿದ್ದ ಕೊಳವೆಯ ಒಳವ್ಯಾಸ 4.75 ಮೀಟರ್, ಅದು 12 ಪಟ್ಟಣಗಳ ಕೊಳಚೆ ಹೊರುತ್ತಿದ್ದುದರಿಂದ ಸುಮಾರು 12 ಲಕ್ಷ ಜನರಿಗೆ ನೀರಿನ ಬಳಕೆ ತಗ್ಗಿಸುವಂತೆ ಕೋರಬೇಕಾಯಿತು, ಗುಂಡಿಯೂ ದಿನಗಳೆದಂತೆ ಅಗಲವಾಗುತ್ತಲೇ ಹೋಯಿತು.

ಈ ಕೊಳವೆ ಬಳಕೆಗೆ ಬಂದದ್ದು 1983ರಲ್ಲಿ. ಜಪಾನಿನಲ್ಲಿ ಕೊಳವೆಗಳಿಗೆ ಸಾಮಾನ್ಯವಾಗಿ ಲೆಕ್ಕ ಹಿಡಿಯುವ 50 ವರ್ಷದ ಆಯುಷ್ಯ ಇನ್ನೂ ತುಂಬಿರಲಿಲ್ಲ. 2021ರ ತಪಾಸಣೆಯೂ ತುರ್ತು ದುರಸ್ತಿ ಬೇಡವೆಂದೇ ಹೇಳಿತ್ತು. ಅಪಾಯವನ್ನು ಅಳೆಯುವಾಗ ಕೊಳವೆ ಒಡೆಯುವ ಸಂಭವವನ್ನೂ, ಒಡೆದರೆ ಆಗುವ ಹಾನಿಯನ್ನೂ ಕೂಡಿಸಿ ನೋಡಬೇಕೆಂಬ ತತ್ವ ಹೊಸದೇನಲ್ಲ. ಕುಸಿದರೆ ಭಾರಿ ನಷ್ಟ ತರುವ ಕೊಳವೆಗಳನ್ನು ಬೇರೆಯಾಗಿ ಗುರುತಿಸಿ ಮೊದಲು ನೋಡಬೇಕೆಂದು ಬ್ರಿಟನ್ನಿನ ಜಲ ಸಂಶೋಧನಾ ಕೇಂದ್ರದ ಕೈಪಿಡಿ 1980ರ ದಶಕದಲ್ಲೇ ವಿಧಿಸಿತ್ತು. ತಪಾಸಣೆಯ ಸಾಧನಗಳಿಗೂ ಮಿತಿಯಿದೆ: ಕೊಳವೆಯೊಳಗೆ ಓಡಿಸುವ ಕ್ಯಾಮೆರಾ ಗೋಡೆಯ ಬಿರುಕನ್ನು ತೋರಿಸುತ್ತದೆ, ಗೋಡೆಯಾಚೆಗಿನ ಪೊಳ್ಳನ್ನಲ್ಲ. ರಸ್ತೆಯ ಮೇಲಿಂದ ಹಾಯಿಸುವ ರೇಡಾರಿನ ನೋಟ ಕೆಲವೇ ಮೀಟರ್ ಆಳಕ್ಕೆ ಸೀಮಿತ. ಆದ್ದರಿಂದ ಆಳದ ದೊಡ್ಡ ಕೊಳವೆಗಳ ವಿಷಯದಲ್ಲಿ ವಯಸ್ಸನ್ನಷ್ಟೇ ನೋಡದೆ, ಮಣ್ಣಿನ ಗುಣ, ಅಂತರ್ಜಲದ ಮಟ್ಟ, ಅನಿಲ ಕಟ್ಟಿಕೊಳ್ಳುವ ಜಾಗ, ಮೇಲಿನ ಸಂಚಾರ ಎಲ್ಲವನ್ನೂ ಲೆಕ್ಕಕ್ಕೆ ತಂದು ತಪಾಸಣೆಯ ಸರದಿಯನ್ನು ನಿರ್ಧರಿಸಬೇಕು.