ಬೇಲಿಯೂ ಹೊಲವೂ: ಗಣಕದ ಕಾವಲಿನ ಒಂದು ಚರಿತ್ರೆ



ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದ್ದೇವೆ. ಗಣಕಯಂತ್ರಗಳ ಲೋಕದಲ್ಲಿ ಈ ಗಾದೆ ನಿಜವಾದ ಒಂದು ಪ್ರಸಂಗವನ್ನು ಇಂದು ತಮ್ಮ ಮುಂದಿಡಬಯಸುತ್ತೇನೆ. ನಮ್ಮ ಅನೇಕ ಮನೆಗಳಿಗೆ ಅನ್ನ ಕೊಟ್ಟಿರುವುದು ಇದೇ ವೃತ್ತಿಯಾದ್ದರಿಂದ ಇದು ಪರರ ಕಥೆಯೇನೂ ಅಲ್ಲ.

ದೊಡ್ಡ ಸಂಸ್ಥೆಯೊಂದರಲ್ಲಿ ನೂರಾರು ಗಣಕಗಳು ಹಗಲಿರುಳೂ ದುಡಿಯುತ್ತಿರುತ್ತವೆ. ಯಾವುದು ನಿಂತಿತು, ಯಾವುದು ನಿಧಾನವಾಯಿತು ಎಂದು ನೋಡುತ್ತಿರಲು ಉಸ್ತುವಾರಿ ತಂತ್ರಾಂಶವೆಂಬ ಕಾವಲುಗಾರನನ್ನು ನೇಮಿಸುತ್ತಾರೆ. ಎಲ್ಲ ಕೋಣೆಗಳನ್ನೂ ನೋಡಬೇಕಾದವನ ಕೈಗೆ ಎಲ್ಲ ಕೋಣೆಗಳ ಬೀಗದ ಕೈಗಳನ್ನೂ ಕೊಡಬೇಕಾಗುತ್ತದೆ. ಅಪಾಯದ ಬೀಜವಿರುವುದು ಅಲ್ಲಿಯೇ.

ಮಾಹಿತಿಯನ್ನು ಕೂಡಿಡುವವರಿಗೂ ಕಟ್ಟುಪಾಡು ಬೇಕೆಂಬ ವಿಚಾರ ಹೊಸದಲ್ಲ. 1973ರಲ್ಲಿ ಅಮೆರಿಕ ಸರ್ಕಾರದ ಆರೋಗ್ಯ, ಶಿಕ್ಷಣ ಮತ್ತು ಕಲ್ಯಾಣ ಇಲಾಖೆಗಾಗಿ ವಿಲ್ಲಿಸ್ ವೇರ್ ಅವರ ಅಧ್ಯಕ್ಷತೆಯ ಸಮಿತಿಯೊಂದು ಐದು ತತ್ತ್ವಗಳನ್ನು ಸೂಚಿಸಿತು. ವ್ಯಕ್ತಿಗಳನ್ನು ಕುರಿತ ಗುಟ್ಟಿನ ಕಡತಗಳಿರಕೂಡದು. ತನ್ನ ಬಗ್ಗೆ ಏನು ದಾಖಲಾಗಿದೆಯೆಂದು ವ್ಯಕ್ತಿಗೆ ತಿಳಿಯಬೇಕು. ಒಂದು ಉದ್ದೇಶಕ್ಕೆ ಪಡೆದುದನ್ನು ಒಪ್ಪಿಗೆಯಿಲ್ಲದೆ ಇನ್ನೊಂದಕ್ಕೆ ಬಳಸಕೂಡದು. ತಪ್ಪಿದ್ದರೆ ತಿದ್ದಿಸಲು ದಾರಿಯಿರಬೇಕು. ದಾಖಲೆಯನ್ನು ಇಟ್ಟುಕೊಂಡವರು ಅದರ ದುರ್ಬಳಕೆಯನ್ನು ತಡೆಯಲು ಹೊಣೆಯಾಗಬೇಕು. 1974ರ ಖಾಸಗಿತನ ಕಾಯ್ದೆಗೆ ಇವು ತಳಹದಿಯಾದವು. ಇಂದು ತಂತ್ರಾಂಶ ಸಂಸ್ಥೆಗಳು ಪ್ರಕಟಿಸುವ ಖಾಸಗಿತನದ ನಿಯಮಗಳಲ್ಲಿಯೂ ಇವುಗಳ ನೆರಳನ್ನು ಕಾಣಬಹುದು.

ಆದರೆ ಬರೆದ ಮಾತು ಬೇರೆ, ನಡೆದ ದಾರಿ ಬೇರೆ. ಟೆಕ್ಸಾಸ್ ರಾಜ್ಯದ ಸೋಲಾರ್‌ವಿಂಡ್ಸ್ ಸಂಸ್ಥೆಯ ‘ಓರಾಯನ್’ ಇಂತಹ ಒಂದು ಹೆಸರಾಂತ ಉಸ್ತುವಾರಿ ತಂತ್ರಾಂಶ. 2020ರ ಮಾರ್ಚ್ ಮತ್ತು ಜೂನ್ ತಿಂಗಳುಗಳ ನಡುವೆ ಹೊರಬಂದ ಅದರ ಪರಿಷ್ಕೃತ ಆವೃತ್ತಿಗಳೊಳಗೆ ಕಳ್ಳರು ತಮ್ಮ ಸಂಕೇತವನ್ನು ಅಡಗಿಸಿದ್ದರು. ಸಂಸ್ಥೆಯದೇ ಮುದ್ರೆ ಹೊತ್ತು ಬಂದುದನ್ನು ಗ್ರಾಹಕರು ನಂಬಿ ಬರಮಾಡಿಕೊಂಡರು. ಹೀಗೆ ಪಡೆದ ಗ್ರಾಹಕರ ಸಂಖ್ಯೆ ಸುಮಾರು 18,000ದವರೆಗೂ ಇದ್ದಿರಬಹುದೆಂದು ಸಂಸ್ಥೆಯೇ ತಿಳಿಸಿತು. ಅಮೆರಿಕದ ಒಂಬತ್ತು ಕೇಂದ್ರ ಇಲಾಖೆಗಳೂ ಸುಮಾರು ನೂರು ಖಾಸಗಿ ಸಂಸ್ಥೆಗಳೂ ನಿಜವಾಗಿ ಪೆಟ್ಟು ತಿಂದವು. ಡಿಸೆಂಬರಿನಲ್ಲಿ ಇದು ಬಯಲಾದ ಬಗೆ ಕುತೂಹಲಕರ. ಫೈರ್‌ಐ ಎಂಬ ಭದ್ರತಾ ಸಂಸ್ಥೆಯಲ್ಲಿ ಒಬ್ಬ ನೌಕರರ ಹೆಸರಿಗೆ ಎರಡನೆಯ ದೂರವಾಣಿಯೊಂದು ನೋಂದಣಿಯಾಗಿತ್ತು. ಅದನ್ನು ಕಂಡು ಸಂಶಯಪಟ್ಟವರಿಂದ ಇಡೀ ಜಾಲ ಹೊರಬಿದ್ದಿತು. ಇದು ರಷ್ಯದ ವಿದೇಶೀ ಗುಪ್ತಚರ ಸಂಸ್ಥೆಯ ಕೃತ್ಯವೆಂದು ಅಮೆರಿಕ 2021ರ ಏಪ್ರಿಲ್‌ನಲ್ಲಿ ಹೇಳಿತು, ರಷ್ಯ ಅಲ್ಲಗಳೆಯಿತು.

ಸಂಸ್ಥೆ ಪ್ರಕಟಿಸಿದ್ದ ಭದ್ರತಾ ಹೇಳಿಕೆಗೂ ಒಳಗಿನ ಆಚರಣೆಗೂ ಹೊಂದಿಕೆಯಿರಲಿಲ್ಲವೆಂದು ಆರೋಪಿಸಿ ಅಮೆರಿಕದ ಷೇರು ನಿಯಂತ್ರಣ ಆಯೋಗ 2023ರ ಅಕ್ಟೋಬರಿನಲ್ಲಿ ದಾವೆ ಹೂಡಿತು. 2024ರ ಜುಲೈನಲ್ಲಿ ನ್ಯಾಯಾಲಯ ಬಹುಪಾಲು ಆರೋಪಗಳನ್ನು ತಳ್ಳಿಹಾಕಿತಾದರೂ ಆ ಹೇಳಿಕೆಯನ್ನು ಕುರಿತ ಭಾಗವನ್ನು ಉಳಿಸಿತು. 2025ರ ನವೆಂಬರಿನಲ್ಲಿ ಆಯೋಗವೇ ದಾವೆಯನ್ನು ಹಿಂತೆಗೆದುಕೊಂಡುದರಿಂದ ಸರಿತಪ್ಪುಗಳು ತೀರ್ಮಾನವಾಗಲಿಲ್ಲ. ಆದರೂ ಯಾರೂ ಓದುವುದಿಲ್ಲವೆಂದು ನಾವು ಬಗೆಯುವ ಇಂತಹ ಹೇಳಿಕೆ, ಕೊಟ್ಟ ಮಾತಾಗಿ ನ್ಯಾಯಾಲಯದ ತಕ್ಕಡಿಯನ್ನು ಏರಬಲ್ಲುದೆಂಬುದು ಸ್ಪಷ್ಟವಾಯಿತು.

ನಮ್ಮ ತಾಯ್ನಾಡಿನಲ್ಲಿ ಈ ಪ್ರಶ್ನೆಯನ್ನು ಪ್ರಜೆಯ ಹಕ್ಕಾಗಿ ಮುಂದಿಟ್ಟವರಲ್ಲಿ ಒಬ್ಬ ಹಿರಿಯ ಕನ್ನಡಿಗರಿದ್ದರು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಖಾಸಗಿತನವು ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. 2023ರಲ್ಲಿ ಬಂದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆಯನ್ನು ಪ್ರಜೆಗೆ ಕೊಡಬೇಕೆಂದು ವಿಧಿಸುತ್ತದೆ. ಆ ಪಟ್ಟಿಯಲ್ಲಿ ನಮ್ಮ ಕನ್ನಡವೂ ಇದೆ.

ಬಂಧುಗಳೇ, ನಮ್ಮಲ್ಲಿ ಕೆಲವರು ಇಂತಹ ಕರಾರುಗಳನ್ನು ಬರೆಯುವವರು. ಉಳಿದವರೆಲ್ಲರೂ ಓದದೆ ಒಪ್ಪುವವರು. ಬರೆಯುವವರು ಪಾಲಿಸಬಲ್ಲಷ್ಟನ್ನೇ ಬರೆಯಲಿ. ಒಪ್ಪುವವರು ಮೂರು ಪ್ರಶ್ನೆಗಳನ್ನಾದರೂ ಕೇಳಲಿ: ಈ ಕಾವಲುಗಾರ ಏನನ್ನು ನೋಡುತ್ತಾನೆ? ನೋಡಿದ್ದನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತಾನೆ? ಕನ್ನ ಬಿದ್ದರೆ ನಮಗೆ ಎಂದು ತಿಳಿಸುತ್ತಾನೆ? ಹೊಲಕ್ಕೆ ಬೇಲಿ ಬೇಕೇ ಬೇಕು. ಆ ಬೇಲಿಯ ಮೇಲೂ ಒಕ್ಕಲಿನವನ ಕಣ್ಣಿರಬೇಕು.