ಕಾರ್ಯಾಚರಣಾ ವ್ಯವಸ್ಥೆಯ ಉನ್ನತೀಕರಣ: ದೃಷ್ಟಿ ವಿಕಲಚೇತನರ ಸಹಾಯಕ ತಂತ್ರಾಂಶ ಹಾಗೂ ಶ್ರವ್ಯ ಆಟಗಳ ಬಗ್ಗೆ ಸಾರ್ವಜನಿಕ ಮಾಹಿತಿ

1. ಪೀಠಿಕೆ

ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10 ಕಾರ್ಯಾಚರಣಾ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿದೆ. ಈ ಹಿಂದೆ ವಿಂಡೋಸ್ ಎಕ್ಸ್‌ಪಿಗೆ 2014ರಲ್ಲಿ, ವಿಂಡೋಸ್ 7ಕ್ಕೆ 2020ರಲ್ಲಿ ಇದೇ ರೀತಿ ಬೆಂಬಲ ನಿಂತಿತ್ತು. ಇಂತಹ ಪ್ರತಿಯೊಂದು ಸಂದರ್ಭದಲ್ಲಿಯೂ ಮನೆ, ಶಾಲೆ ಹಾಗೂ ಕಛೇರಿಗಳ ಗಣಕಯಂತ್ರಗಳಿಗೆ ಹೊಸ ಆವೃತ್ತಿಯನ್ನು ಅಳವಡಿಸಬೇಕಾಗುತ್ತದೆ. ದೃಷ್ಟಿಯುಳ್ಳವರಿಗೆ ಇದು ಬಹುಮಟ್ಟಿಗೆ ಪರದೆಯ ರೂಪ ಬದಲಾಗುವ ವಿಷಯ. ಪರದೆಯನ್ನು ಕಿವಿಯಿಂದ ಓದುವವರಿಗಾದರೋ, ಉನ್ನತೀಕರಣದ ನಂತರ ಯಂತ್ರವು ಮಾತನಾಡದಿದ್ದಲ್ಲಿ ಅದು ಕೆಟ್ಟುಹೋದ ಯಂತ್ರಕ್ಕೆ ಸಮಾನ.

ಬೊಮ್ಮನಹಳ್ಳಿ ವಿಧಾನಸಭಾ ಕ್ಷೇತ್ರಕ್ಕೆ ಸೇರಿದ ಎಚ್.ಎಸ್.ಆರ್. ಬಡಾವಣೆಯಲ್ಲಿರುವ, 1990ರಲ್ಲಿ ಸ್ಥಾಪನೆಯಾದ ಮಿತ್ರ ಜ್ಯೋತಿ ಮತ್ತು 1997ರಲ್ಲಿ ಸ್ಥಾಪನೆಯಾದ ಸಮರ್ಥನಂ ಸಂಸ್ಥೆಗಳು ದೃಷ್ಟಿ ವಿಕಲಚೇತನರಿಗೆ ಗಣಕಯಂತ್ರ ತರಬೇತಿ ನೀಡುತ್ತಾ ಬಂದಿವೆ. ಇಂತಹ ತರಬೇತಿ ಪಡೆದು ಉದ್ಯೋಗಕ್ಕೆ ಸೇರಿದವರು, ಟಾಕಿಂಗ್ ಲ್ಯಾಪ್‌ಟಾಪ್ ಪಡೆದ ವಿದ್ಯಾರ್ಥಿಗಳು, ಅವರ ಪೋಷಕರು ಹಾಗೂ ಗಣಕಯಂತ್ರ ದುರಸ್ತಿ ಮಾಡುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ.

2. ಸ್ಕ್ರೀನ್ ರೀಡರ್ ತಂತ್ರಾಂಶದ ಮೇಲಿನ ಪರಿಣಾಮ

ಸ್ಕ್ರೀನ್ ರೀಡರ್ ಎಂದರೆ ಪರದೆಯ ಮೇಲಿನ ಅಕ್ಷರಗಳನ್ನು ಧ್ವನಿಯಲ್ಲಿ ಓದಿ ಹೇಳುವ ತಂತ್ರಾಂಶ. ಇದು ಕಾರ್ಯಾಚರಣಾ ವ್ಯವಸ್ಥೆಯ ಒಳಭಾಗದಿಂದಲೇ ಮಾಹಿತಿಯನ್ನು ಪಡೆಯುತ್ತದೆ. ಆದ್ದರಿಂದ ವ್ಯವಸ್ಥೆ ಬದಲಾದಾಗ ಇತರ ತಂತ್ರಾಂಶಗಳಿಗಿಂತ ಮೊದಲು ತೊಂದರೆ ಕಾಣಿಸುವುದು ಇದರಲ್ಲಿಯೇ.

ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಆರಂಭವಾದ ಎನ್‌ವಿಡಿಎ ಉಚಿತವಾಗಿ ದೊರೆಯುವ ಸ್ಕ್ರೀನ್ ರೀಡರ್ ಆಗಿದೆ. ಇದರೊಂದಿಗೆ ಬರುವ ಇ-ಸ್ಪೀಕ್ ಎನ್‌ಜಿ ಧ್ವನಿ ತಂತ್ರಾಂಶವು ಕನ್ನಡವನ್ನೂ ಓದುತ್ತದೆ. ವಿಂಡೋಸ್ ಎಕ್ಸ್‌ಪಿಯಲ್ಲಿ ಕೆಲಸ ಮಾಡಿದ ಇದರ ಕೊನೆಯ ಆವೃತ್ತಿ 2017.3, ವಿಂಡೋಸ್ 7ರಲ್ಲಿ ಕೆಲಸ ಮಾಡಿದ ಕೊನೆಯ ಆವೃತ್ತಿ 2023.3. ಅಂದರೆ ಹಳೆಯ ವ್ಯವಸ್ಥೆಯಲ್ಲಿಯೇ ಉಳಿದವರಿಗೆ ಹೊಸ ಸ್ಕ್ರೀನ್ ರೀಡರ್ ದೊರೆಯುವುದಿಲ್ಲ. ಹಳೆಯ ಸ್ಕ್ರೀನ್ ರೀಡರ್‌ನೊಂದಿಗೆ ಹೊಸ ವ್ಯವಸ್ಥೆಗೆ ಹೋದವರಿಗೆ ಸರಿಯಾದ ಓದು ದೊರೆಯದಿರಬಹುದು. ಎರಡೂ ಒಟ್ಟಿಗೆ ಸಾಗಬೇಕಾಗಿರುತ್ತದೆ.

ಎನ್‌ವಿಡಿಎಗೆ ಸೇರಿಸಿಕೊಳ್ಳುವ ಹೆಚ್ಚುವರಿ ಘಟಕಗಳನ್ನು ವರ್ಷದ ಮೊದಲ ಆವೃತ್ತಿ ಬಂದಾಗ ಪುನಃ ಪರಿಶೀಲಿಸಿಕೊಳ್ಳುವುದು ಅಗತ್ಯ. ಹಣ ಪಾವತಿಸಿ ಪಡೆಯುವ ಜಾಸ್ ತಂತ್ರಾಂಶವನ್ನು ಬಳಸುವವರು ತಮ್ಮ ಪರವಾನಗಿಯು ಯಾವ ಆವೃತ್ತಿಯವರೆಗೆ ಅನ್ವಯಿಸುತ್ತದೆ ಎಂಬುದನ್ನು ಮುಂಚಿತವಾಗಿಯೇ ಖಚಿತಪಡಿಸಿಕೊಳ್ಳತಕ್ಕದ್ದು.

3. ಶ್ರವ್ಯ ಆಟಗಳ ಮೇಲಿನ ಪರಿಣಾಮ

ಚಿತ್ರಗಳಿಲ್ಲದೆ ಕೇವಲ ಧ್ವನಿಯಿಂದ ಆಡುವ ಆಟಗಳಿಗೆ ಶ್ರವ್ಯ ಆಟಗಳೆಂದು ಹೆಸರು. ಶಬ್ದವು ಎಡಗಿವಿಗೆ ಬಂದಿತೇ ಬಲಗಿವಿಗೆ ಬಂದಿತೇ ಎಂಬುದರಿಂದ ಆಟಗಾರನು ದಿಕ್ಕನ್ನು ಅರಿಯುತ್ತಾನೆ. ಐಫೋನ್‌ಗಾಗಿ 2010ರಲ್ಲಿ ಹೊರಬಂದ ‘ಪಾಪಾ ಸಾಂಗ್ರೆ’ ಇದಕ್ಕೊಂದು ಪ್ರಸಿದ್ಧ ಉದಾಹರಣೆ. ಅನೇಕ ಶ್ರವ್ಯ ಆಟಗಳನ್ನು ಒಬ್ಬಿಬ್ಬರು ಸ್ವಂತ ಆಸಕ್ತಿಯಿಂದ ರಚಿಸಿರುತ್ತಾರೆ. ರಚಿಸಿದವರು ಕೆಲಸ ನಿಲ್ಲಿಸಿದ ಬಳಿಕ ಅವುಗಳನ್ನು ಹೊಸ ವ್ಯವಸ್ಥೆಗೆ ಹೊಂದಿಸುವವರು ಇರುವುದಿಲ್ಲ. ತೊಂದರೆಗೆ ಮುಖ್ಯ ಕಾರಣಗಳು ಈ ಕೆಳಕಂಡಂತಿವೆ:

(ಅ) 16 ಬಿಟ್ ಕಾಲದ ತಂತ್ರಾಂಶಗಳು 64 ಬಿಟ್ ವಿಂಡೋಸ್‌ನಲ್ಲಿ ನಡೆಯುವುದಿಲ್ಲ. ವಿಂಡೋಸ್ 11 ಕೇವಲ 64 ಬಿಟ್ ರೂಪದಲ್ಲಿದೆ.

(ಆ) ವಿಷುಯಲ್ ಬೇಸಿಕ್ 6ರಲ್ಲಿ ರಚಿಸಿದ ಕೆಲವು ಆಟಗಳಿಗೆ ಬೇಕಾದ ಡೈರೆಕ್ಟ್‌ಎಕ್ಸ್ ಕಡತಗಳನ್ನು ವಿಂಡೋಸ್ ವಿಸ್ಟಾದಿಂದ ಕೈಬಿಡಲಾಗಿದೆ. ಇಂತಹ ಕಡತಗಳನ್ನು ಅಪರಿಚಿತ ಅಂತರ್ಜಾಲ ತಾಣಗಳಿಂದ ಪಡೆಯುವುದು ಸುರಕ್ಷಿತವಲ್ಲ.

(ಇ) ಆಪಲ್ ಸಂಸ್ಥೆಯು 2017ರ ಐಒಎಸ್ 11 ಹಾಗೂ 2019ರ ಮ್ಯಾಕ್ ಒಎಸ್ ಕ್ಯಾಟಲಿನಾದಲ್ಲಿ 32 ಬಿಟ್ ತಂತ್ರಾಂಶಗಳನ್ನು ಪೂರ್ಣವಾಗಿ ನಿಲ್ಲಿಸಿತು. ಪರಿಷ್ಕರಿಸದ ಆಟಗಳು ತೆರೆಯದಾದವು.

(ಈ) ಆಂಡ್ರಾಯ್ಡ್ 6ಕ್ಕಿಂತ ಹಿಂದಿನ ಆವೃತ್ತಿಗಳಿಗಾಗಿ ರಚಿಸಿದ ಆ್ಯಪ್‌ಗಳನ್ನು ಆಂಡ್ರಾಯ್ಡ್ 14 ಹೊಸದಾಗಿ ಅಳವಡಿಸಲು ಬಿಡುವುದಿಲ್ಲ. ಮೊದಲೇ ಇದ್ದವು ಉನ್ನತೀಕರಣದ ನಂತರವೂ ಉಳಿಯುತ್ತವೆ. ಆದ್ದರಿಂದ ಹಳೆಯ ಆಟವನ್ನು ಅಳಿಸಿ ಪುನಃ ಹಾಕಿಕೊಳ್ಳಲು ಪ್ರಯತ್ನಿಸಬಾರದು.

ಆಟವೆಂದು ಇದನ್ನು ಕಡೆಗಣಿಸುವಂತಿಲ್ಲ. ದೃಷ್ಟಿಯಿಲ್ಲದ ಮಗುವಿಗೆ ಕೀಲಿಮಣೆಯ ಮೇಲೆ ಬೆರಳು ಕೂರುವುದಕ್ಕೆ, ಧ್ವನಿಯನ್ನು ಗಮನವಿಟ್ಟು ಆಲಿಸುವುದಕ್ಕೆ ಆಟವು ಸುಲಭವಾದ ದಾರಿ. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016ರ 29ನೇ ಪ್ರಕರಣವು ಮನರಂಜನೆಯಲ್ಲಿ ಇತರರೊಂದಿಗೆ ಸಮಾನವಾಗಿ ಭಾಗವಹಿಸುವ ಹಕ್ಕನ್ನು ಸಂರಕ್ಷಿಸಲು ಕ್ರಮ ಕೈಗೊಳ್ಳುವಂತೆ ಸರ್ಕಾರ ಹಾಗೂ ಸ್ಥಳೀಯ ಪ್ರಾಧಿಕಾರಗಳಿಗೆ ಹೊಣೆ ವಿಧಿಸಿದೆ.

4. ಉನ್ನತೀಕರಣಕ್ಕೆ ಮುನ್ನ ಅನುಸರಿಸಬೇಕಾದ ಕ್ರಮಗಳು

• ಬಳಸುತ್ತಿರುವ ಸ್ಕ್ರೀನ್ ರೀಡರ್, ಕನ್ನಡ ಧ್ವನಿ, ಬ್ರೈಲ್ ಸಾಧನ ಹಾಗೂ ಆಟಗಳನ್ನು ಆವೃತ್ತಿ ಸಂಖ್ಯೆಯೊಂದಿಗೆ ಪಟ್ಟಿ ಮಾಡುವುದು.

• ಎನ್‌ವಿಡಿಎಯ ಪೋರ್ಟಬಲ್ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಸಿದ್ಧಪಡಿಸಿಕೊಳ್ಳುವುದು. ಅಳವಡಿಸದೆಯೇ ನಡೆಯುವ ಈ ಪ್ರತಿಯು ಯಂತ್ರ ಮೌನವಾದಾಗ ಉಪಯೋಗಕ್ಕೆ ಬರುತ್ತದೆ.

• ಕಂಟ್ರೋಲ್, ವಿಂಡೋಸ್ ಹಾಗೂ ಎಂಟರ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿಂಡೋಸ್‌ನಲ್ಲಿಯೇ ಇರುವ ನರೇಟರ್ ಆರಂಭವಾಗುತ್ತದೆ. ಇದನ್ನು ಮೊದಲೇ ಅಭ್ಯಾಸ ಮಾಡಿಕೊಳ್ಳುವುದು.

• ಕಡತಗಳು ಹಾಗೂ ಆಟದ ಉಳಿಕೆಗಳ ಪ್ರತಿಯನ್ನು ಬೇರೆಡೆ ತೆಗೆದಿಡುವುದು. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿರುವ ಬರಹಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು. ಹಳೆಯ ಶೈಲಿಯ ಬರಹವನ್ನು ಸ್ಕ್ರೀನ್ ರೀಡರ್ ಕನ್ನಡವೆಂದು ಗುರುತಿಸುವುದಿಲ್ಲ.

• ಒಂದಕ್ಕಿಂತ ಹೆಚ್ಚು ಯಂತ್ರಗಳಿರುವಲ್ಲಿ ಮೊದಲು ಒಂದನ್ನು ಮಾತ್ರ ಉನ್ನತೀಕರಿಸಿ, ಅದನ್ನು ಬಳಸುವ ವ್ಯಕ್ತಿಯಿಂದಲೇ ಪರೀಕ್ಷಿಸುವುದು. ವಿಂಡೋಸ್ 11ಕ್ಕೆ ಉನ್ನತೀಕರಿಸಿದ ಬಳಿಕ ಹಿಂದಿನ ಆವೃತ್ತಿಗೆ ಮರಳಲು ಸಾಮಾನ್ಯವಾಗಿ 10 ದಿನಗಳ ಅವಕಾಶವಿರುತ್ತದೆ. ಪರೀಕ್ಷೆಯನ್ನು ಈ ಅವಧಿಯೊಳಗೆ ಮುಗಿಸತಕ್ಕದ್ದು.

• ಇನ್ನೊಂದು ಯಂತ್ರವಿದ್ದಲ್ಲಿ ಹಳೆಯ ಆಟಗಳಿಗಾಗಿ ಅದನ್ನು ಅಂತರ್ಜಾಲ ಸಂಪರ್ಕವಿಲ್ಲದೆ ಇರಿಸಿಕೊಳ್ಳಬಹುದು. ನಿತ್ಯದ ಕೆಲಸಕ್ಕೆ, ವಿಶೇಷವಾಗಿ ಬ್ಯಾಂಕ್ ವ್ಯವಹಾರಕ್ಕೆ, ಬೆಂಬಲ ನಿಂತ ವ್ಯವಸ್ಥೆಯನ್ನು ಬಳಸಬಾರದು.

5. ಕಛೇರಿಗಳು ಹಾಗೂ ದುರಸ್ತಿಗಾರರ ಗಮನಕ್ಕೆ

ಬಳಸುವ ವ್ಯಕ್ತಿಯನ್ನು ಕೇಳದೆ ಅವರ ಯಂತ್ರವನ್ನು ಉನ್ನತೀಕರಿಸಬಾರದು. ಹಳೆಯದನ್ನು ಪೂರ್ಣವಾಗಿ ಅಳಿಸಿ ಹೊಸದಾಗಿ ಅಳವಡಿಸಲೂಬಾರದು. ಒಂದು ಸಂಜೆ ಮಾಡಿದ ಇಂತಹ ಕೆಲಸದಿಂದ ಮರುದಿನ ಬೆಳಿಗ್ಗೆ ನೌಕರರೊಬ್ಬರು ಯಂತ್ರದ ಮುಂದೆ ಸುಮ್ಮನೆ ಕೂರಬೇಕಾಗುತ್ತದೆ. ವಿಳಂಬದ ಹೊಣೆಯೂ ಅವರ ಮೇಲೆಯೇ ಬೀಳುತ್ತದೆ. ಅಧಿನಿಯಮದ 20ನೇ ಪ್ರಕರಣದಂತೆ ವಿಕಲಚೇತನ ನೌಕರರಿಗೆ ಯುಕ್ತ ಅನುಕೂಲ ಕಲ್ಪಿಸುವುದು ಸರ್ಕಾರಿ ಸಂಸ್ಥೆಗಳ ಕರ್ತವ್ಯ. ಕೆಲಸ ಮಾಡುತ್ತಿರುವ ಸ್ಕ್ರೀನ್ ರೀಡರ್ ಅಂತಹ ಅನುಕೂಲಗಳಲ್ಲಿ ಮೊದಲನೆಯದು. ಯಂತ್ರಗಳ ಖರೀದಿ ಹಾಗೂ ವಾರ್ಷಿಕ ನಿರ್ವಹಣೆಯ ಅಂದಾಜಿನಲ್ಲಿಯೇ ಸಹಾಯಕ ತಂತ್ರಾಂಶದ ಪರವಾನಗಿ ಹಾಗೂ ಪರೀಕ್ಷೆಯ ವೆಚ್ಚವನ್ನು ಸೇರಿಸುವುದು ಸೂಕ್ತ.

6. ಹೆಚ್ಚಿನ ಮಾಹಿತಿ

ಸೌಲಭ್ಯಗಳ ಬಗ್ಗೆ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಛೇರಿಯನ್ನು ಸಂಪರ್ಕಿಸಬಹುದು. ಹಕ್ಕುಗಳ ಉಲ್ಲಂಘನೆಯಾದಲ್ಲಿ ವಿಕಲಚೇತನ ವ್ಯಕ್ತಿಗಳ ಅಧಿನಿಯಮದ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಬಹುದು. ಸಾರ್ವಜನಿಕರು ಉನ್ನತೀಕರಣಕ್ಕೆ ಮುನ್ನ ಮೇಲ್ಕಂಡ ಕ್ರಮಗಳನ್ನು ಅನುಸರಿಸಿ ಸಹಕರಿಸಬೇಕಾಗಿ ಕೋರಲಾಗಿದೆ.