ಕೀಲಿನೊಳಗೆ ಆಮ್ಲಜನಕದ ಬರ: ಸಂಧಿವಾತ ಸಂಶೋಧನೆಯ ಚರಿತ್ರೆ, ಕೋಲಾರದ ನೆಲದಿಂದ

ಕೋಲಾರ ತಾಲ್ಲೂಕಿನ ಹುತ್ತೂರು ಹೋಬಳಿಯ ಕಡೆ ಯಾರಿಗಾದರೂ ಕೈಕಾಲು ಹಿಡಿದುಕೊಂಡರೆ ದೂರು ಮೊದಲು ಹೋಗುವುದು ಬೋರ್‌ವೆಲ್ ನೀರಿನ ಮೇಲೆ. ಅದು ಸುಮ್ಮನೆ ಹುಟ್ಟಿದ ದೂರಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯ ಹಲವು ಊರುಗಳಲ್ಲಿ ಅಂತರ್ಜಲದ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದೆ. ಇಂಥ ನೀರು ಮೂಳೆಯನ್ನು ಕೆಡಿಸುತ್ತದೆಂಬುದು 1937ರಲ್ಲಿ ನೆಲ್ಲೂರಿನಿಂದ ಬಂದ ವರದಿಯ ಕಾಲದಿಂದಲೂ ಗೊತ್ತಿರುವ ಸಂಗತಿ. ಆದರೆ ಎಲ್ಲ ಕೀಲುನೋವನ್ನೂ ನೀರಿನ ತಲೆಗೆ ಕಟ್ಟಿದರೆ ಇನ್ನೊಂದು ರೋಗ ಕಣ್ಣಿಗೆ ಬೀಳದೇ ಹೋಗುತ್ತದೆ. ಫ್ಲೋರೈಡಿನಿಂದ ಬರುವ ಫ್ಲೋರೋಸಿಸ್ಸಿನಲ್ಲಿ ಮೂಳೆಯೂ ಅಸ್ಥಿರಜ್ಜುಗಳೂ ಗಡುಸಾಗಿ ಬೆನ್ನು, ಕುತ್ತಿಗೆ ಬಗ್ಗದಂತಾಗುತ್ತವೆ. ಆ ಇನ್ನೊಂದು ರೋಗವಾದ ರುಮಟಾಯ್ಡ್ ಸಂಧಿವಾತ ಸಾಮಾನ್ಯವಾಗಿ ಮೊದಲು ಹಿಡಿಯುವುದು ಎರಡೂ ಕೈಗಳ ಬೆರಳ ಗೆಣ್ಣುಗಳನ್ನು, ಮಣಿಕಟ್ಟನ್ನು. ಬೆಳಗಿನ ಜಾವ ಹಾಲು ಕರೆಯಲು ಕೂತ ಹೆಂಗಸಿಗೆ ಬೆರಳು ಮಡಿಸಲಾಗುವುದಿಲ್ಲ. ಡೇರಿಗೆ ಹಾಲು ಹಾಕುವ ಹೊತ್ತು ಮೀರಿ ಬಿಸಿಲೇರಿದ ಮೇಲೆ ಕೈ ಸಡಿಲವಾಗುತ್ತದೆ.

ಊದಿದ ಆ ಗೆಣ್ಣಿನೊಳಗಿನ ಕಥೆ ತಿಳಿಯಲು ವೈದ್ಯಲೋಕಕ್ಕೆ ಬಹಳ ಕಾಲ ಹಿಡಿಯಿತು. ಆಯುರ್ವೇದದ ಮಾಧವನಿದಾನ ಕೀಲುಗಳನ್ನು ಬಾಧಿಸುವ ಆಮವಾತವನ್ನು ಪ್ರತ್ಯೇಕ ರೋಗವಾಗಿ ವಿವರಿಸಿದೆ. 1800ರಲ್ಲಿ ಪ್ಯಾರಿಸ್ಸಿನ ವೈದ್ಯ ಲಾಂದ್ರೆ-ಬೋವೆ ಸಂಧಿವಾತವನ್ನು ಹೆಂಗಸರಲ್ಲಿ ಹೆಚ್ಚಾಗಿ ಕಾಣುವ ಒಂದು ಬಗೆಯ ಗೌಟ್ ಎಂದರು. 1859ರಲ್ಲಿ ಲಂಡನ್ನಿನ ಆಲ್ಫ್ರೆಡ್ ಗ್ಯಾರಡ್ ಈಗಿನ ಹೆಸರಿಟ್ಟರು. ಇವೆಲ್ಲ ಹೊರಗಿನಿಂದ ನೋಡಿ ಹೇಳಿದ ಮಾತುಗಳು.

ಒಳಗಿನ ಅಳತೆ ಸಿಕ್ಕಿದ್ದು 1970ರಲ್ಲಿ. ಲುಂಡ್-ಓಲೆಸೆನ್ ಎಂಬ ಸಂಶೋಧಕರು ಕೀಲಿನ ದ್ರವವನ್ನು ಸೂಜಿಯಿಂದ ತೆಗೆದು ಅದರಲ್ಲಿನ ಆಮ್ಲಜನಕದ ಒತ್ತಡವನ್ನು ಅಳೆದರು. ಪೆಟ್ಟುಬಿದ್ದು ಊದಿದ ಮಂಡಿಯಲ್ಲಿ ಅದು ಸರಾಸರಿ 63 ಮಿಲಿಮೀಟರ್ ಪಾದರಸ, ಸವೆದ ಮಂಡಿಯಲ್ಲಿ 43, ಸಂಧಿವಾತದ ಮಂಡಿಯಲ್ಲಿ ಬರೀ 27. ಸಮುದ್ರಮಟ್ಟದ ಗಾಳಿಯಲ್ಲಿ ಈ ಒತ್ತಡ ಸುಮಾರು 160 ಇರುತ್ತದೆ. ರೋಗಿ ಉಸಿರಾಡುವ ಗಾಳಿಯಲ್ಲಿ ಕೊರತೆಯಿಲ್ಲ, ರಕ್ತದಲ್ಲೂ ಇಲ್ಲ. ಬರ ಬಿದ್ದಿರುವುದು ಕೀಲಿನ ಒಳಗೆ ಮಾತ್ರ.

ಇಲ್ಲೊಂದು ಒಗಟು ಎದುರಾಯಿತು. ಸಂಧಿವಾತದ ಕೀಲಿನ ಪೊರೆಯಲ್ಲಿ ಹೊಸ ರಕ್ತನಾಳಗಳು ಹೆಣೆದುಕೊಂಡಿರುತ್ತವೆ. ಇಷ್ಟೊಂದು ನಾಳಗಳಿದ್ದೂ ಆಮ್ಲಜನಕ ಏಕೆ ಸಾಲದು? ಆರೋಗ್ಯವಂತ ಪೊರೆಯ ಒಳಪದರ ಒಂದೆರಡು ಜೀವಕೋಶಗಳಷ್ಟೇ ದಪ್ಪ. ರೋಗ ಬಂದಾಗ ಅದು ಹಲವು ಪಟ್ಟು ಬೆಳೆಯುತ್ತದೆ. ಹೊಸ ನಾಳಗಳು ಅಪಕ್ವ, ಸೋರುವಂಥವು. ಬೆಳೆದ ಪೊರೆಯ ಹಸಿವು ಅವುಗಳ ಪೂರೈಕೆಯನ್ನು ಮೀರುತ್ತದೆ. 1989ರಲ್ಲಿ ಡೇವಿಡ್ ಬ್ಲೇಕ್ ಮತ್ತು ಸಂಗಡಿಗರು ಇನ್ನೊಂದು ಕಾರಣ ತೋರಿಸಿದರು. ದ್ರವ ತುಂಬಿ ಊದಿದ ಮಂಡಿಯನ್ನು ಆಡಿಸಿದಾಗ ಒಳಗಿನ ಒತ್ತಡ ಏರಿ ಲೋಮನಾಳಗಳೇ ಅದುಮಿಹೋಗುತ್ತವೆ. ಒತ್ತಡ ಇಳಿದು ರಕ್ತ ಮರಳಿ ನುಗ್ಗಿದಾಗ ಹಾನಿಕಾರಕ ಆಮ್ಲಜನಕ ಕಣಗಳು ಹುಟ್ಟುತ್ತವೆ. (ಇದನ್ನು ಓದಿ ಯಾರೂ ವ್ಯಾಯಾಮ ಬಿಡಬಾರದು. ಉರಿಯೂತ ಹತೋಟಿಗೆ ಬಂದ ಕೀಲಿಗೆ ಚಲನೆ ಬೇಕೇ ಬೇಕು.)

ನನ್ನ ಮಟ್ಟಿಗೆ ಈ ಚರಿತ್ರೆಯ ನಿಜವಾದ ತಿರುವು ಮೂತ್ರಪಿಂಡದ ಕಡೆಯಿಂದ ಬಂತು. ಮೂತ್ರಪಿಂಡ ತಯಾರಿಸುವ, ರಕ್ತಕಣ ಹೆಚ್ಚಿಸುವ ಎರಿಥ್ರೊಪೊಯೆಟಿನ್ ಹೇಗೆ ಚಾಲೂ ಆಗುತ್ತದೆಂದು ಹುಡುಕುತ್ತಿದ್ದ ಗ್ರೆಗ್ ಸೆಮೆನ್ಜಾ 1990ರ ದಶಕದ ಆರಂಭದಲ್ಲಿ ಹಿಫ್-1 ಎಂಬ ಪ್ರೋಟೀನನ್ನು ಗುರುತಿಸಿದರು. ಆಮ್ಲಜನಕ ಸಾಕಷ್ಟಿದ್ದಾಗ ಜೀವಕೋಶ ಇದರ ಆಲ್ಫಾ ಭಾಗವನ್ನು ಕಿಣ್ವಗಳಿಂದ ಗುರುತುಮಾಡಿ ನಾಶಮಾಡುತ್ತಿರುತ್ತದೆ. ಆಮ್ಲಜನಕ ಇಳಿದರೆ ಆ ಗುರುತು ಬೀಳದು. ಉಳಿದ ಪ್ರೋಟೀನು ಕೋಶಕೇಂದ್ರಕ್ಕೆ ಹೋಗಿ ಜೀನುಗಳನ್ನು ಎಬ್ಬಿಸುತ್ತದೆ. ಈ ಕೆಲಸಕ್ಕೆ ಸೆಮೆನ್ಜಾ, ಪೀಟರ್ ರ‍್ಯಾಟ್‌ಕ್ಲಿಫ್, ವಿಲಿಯಂ ಕೇಲಿನ್ ಅವರಿಗೆ 2019ರಲ್ಲಿ ನೊಬೆಲ್ ಸಂದಿತು.

2001ರಲ್ಲಿ ಸಂಧಿವಾತದ ಪೊರೆಯಲ್ಲೂ ಹಿಫ್ ಹೇರಳವಾಗಿರುವುದು ಕಂಡುಬಂತು. ಪೊರೆಯ ಫೈಬ್ರೊಬ್ಲಾಸ್ಟ್ ಕೋಶಗಳು ಸಕ್ಕರೆಯನ್ನು ಆಮ್ಲಜನಕವಿಲ್ಲದೆ ಒಡೆಯತೊಡಗಿ ಲ್ಯಾಕ್ಟೇಟ್ ಕೂಡುತ್ತದೆ. ನಾಳ ಬೆಳೆಸುವ ವಿಇಜಿಎಫ್ ಹೆಚ್ಚುತ್ತದೆ. ಮೃದ್ವಸ್ಥಿಯನ್ನು ಕರಗಿಸುವ ಕಿಣ್ವಗಳು ಹೊರಬೀಳುತ್ತವೆ. ಉರಿಯೂತ ಹೆಚ್ಚಿಸುವ ಟಿಎನ್ಎಫ್ ಎಂಬ ಪ್ರೋಟೀನು ಕೂಡ ಹಿಫ್ ಅನ್ನು ಎಬ್ಬಿಸಬಲ್ಲದು. ಹೀಗೆ ಉರಿಯೂತವೂ ಆಮ್ಲಜನಕದ ಬರವೂ ಒಂದನ್ನೊಂದು ಸಾಕುತ್ತವೆ. 2010ರಲ್ಲಿ ಡಬ್ಲಿನ್ನಿನ ಸಂಶೋಧಕರು ಆರ್ಥ್ರೋಸ್ಕೋಪಿ ವೇಳೆ ಪೊರೆಯೊಳಗೇ ಸೂಕ್ಷ್ಮ ಶೋಧಕ ಇಟ್ಟು ಅಳೆದಾಗ, ಉರಿಯೂತ ಹೆಚ್ಚಿದ್ದಷ್ಟೂ ಆಮ್ಲಜನಕ ಕಡಿಮೆಯಿತ್ತು. ಟಿಎನ್ಎಫ್ ತಡೆಯುವ ಔಷಧ ಫಲಿಸಿದವರಲ್ಲಿ ಅದು ಮತ್ತೆ ಏರಿದ್ದನ್ನೂ ಅದೇ ತಂಡ ಕಂಡಿತು.

ಕೋಲಾರದವರು ಈ ರೋಗದ ಇನ್ನೊಂದು ಎಳೆಯನ್ನೂ ಮರೆಯಬಾರದು. ಚಿನ್ನದ ಗಣಿ ಕಾರ್ಮಿಕರಲ್ಲಿ 1940ರಿಂದ 1946ರವರೆಗೆ 7,653 ಮಂದಿಯನ್ನು ಪರೀಕ್ಷಿಸಿದಾಗ ಶೇ. 40ಕ್ಕೂ ಹೆಚ್ಚು ಜನರಿಗೆ ಸಿಲಿಕಾ ದೂಳಿನಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್ ಇತ್ತು. 1953ರಲ್ಲಿ ಕಾರ್ಡಿಫ್‌ನಲ್ಲಿ ಆಂಟನಿ ಕ್ಯಾಪ್ಲನ್, ಸಂಧಿವಾತವಿದ್ದ ಕಲ್ಲಿದ್ದಲ ಗಣಿಗಾರರ ಶ್ವಾಸಕೋಶದಲ್ಲಿ ದುಂಡನೆಯ ಗಂಟುಗಳನ್ನು ಗುರುತಿಸಿದರು. ಸಿಲಿಕಾ ದೂಳು ಸಂಧಿವಾತದ ಅಪಾಯವನ್ನು ಹೆಚ್ಚಿಸುತ್ತದೆಂಬುದು ಆಮೇಲಿನ ಅಧ್ಯಯನಗಳಿಂದ ದೃಢಪಟ್ಟಿತು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಆದರೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಶಿಲ್ಪಿಗಳು ಈಗಲೂ ಕಲ್ಲು ಕೆತ್ತುತ್ತಾರೆ, ಜಿಲ್ಲೆಯ ಕ್ವಾರಿಗಳಲ್ಲಿ ಕಲ್ಲು ಒಡೆಯುತ್ತಲೇ ಇದ್ದಾರೆ. ಅವರ ಶ್ವಾಸಕೋಶದ ಜೊತೆಗೆ ಬೆರಳ ಗೆಣ್ಣುಗಳನ್ನೂ ವೈದ್ಯರು ನೋಡಬೇಕು.

ಹಿಫ್ ದಾರಿಯ ಮೇಲೆ ಕೆಲಸಮಾಡುವ ಔಷಧಗಳು ರಕ್ತಹೀನತೆಗೂ ಕೆಲವು ಗಡ್ಡೆಗಳಿಗೂ ಬಂದಿವೆ. ಸಂಧಿವಾತಕ್ಕೆ ಇನ್ನೂ ಬಂದಿಲ್ಲ. ಅದಕ್ಕಾಗಿ ಕಾಯಬೇಕಾದ ಅಗತ್ಯವೂ ಇಲ್ಲ. ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟ್ ಅಗ್ಗದ ಮದ್ದು. ಬೇಗ ಶುರುಮಾಡಿದರೆ ಕೀಲು ಉಳಿಯುತ್ತದೆ. ಎರಡೂ ಕೈಗಳ ಗೆಣ್ಣುಗಳು ಊದಿ, ಬೆಳಗಿನ ಬಿಗಿತ ಒಂದು ಗಂಟೆ ಮೀರಿ, ಆರು ವಾರವಾದರೂ ಹೋಗದಿದ್ದರೆ ನೀರನ್ನು ಬೈಯುತ್ತಾ, ನೋವಿನ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಾ ದಿನ ದೂಡಬೇಡಿ. ಕೋಲಾರದ ಎಸ್ಎನ್ಆರ್ ಆಸ್ಪತ್ರೆಗೋ ಟಮಕದ ಮೆಡಿಕಲ್ ಕಾಲೇಜಿಗೋ ಹೋಗಿ ರಕ್ತಪರೀಕ್ಷೆ ಮಾಡಿಸಿ.